ನೀರು, ತೈಲ, ರೊಟ್ಟಿ: ಕಥೋಲಿಕ ಪ್ರವೇಶ ಸಂಸ್ಕಾರಗಳಿಗೆ ಮನೆಮಂದಿ ಸಿದ್ಧರಾಗುವುದು ಹೇಗೆ

ಭಾನುವಾರ ಪೂಜೆ ಮುಗಿದ ಮೇಲೆ ನಾನು ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ತರಗತಿ ಬಿಡುವ ಹೊತ್ತಿಗೆ ಬಾಗಿಲ ಹತ್ತಿರ ಒಂದಿಬ್ಬರು ಅಪ್ಪ ಅಮ್ಮಂದಿರು ಕಾದು ನಿಂತಿರುತ್ತಾರೆ. "ಟೀಚರ್, ಮಗೂಗೆ ಜ್ಞಾನತಂದೆ (ಗಾಡ್‌ಫಾದರ್) ಆಗೋಕೆ ನಮ್ಮ ಭಾವ ಆಗ್ತಾರಾ?" "ಮೊದಲ ಪರಮಪ್ರಸಾದಕ್ಕೆ ಎಷ್ಟು ವಯಸ್ಸಾಗಿರಬೇಕು?" "ದೃಢೀಕರಣ ಆಗದಿದ್ರೆ ಮದುವೆ ಮಾಡಲ್ವಂತೆ, ಹೌದಾ?" ವರ್ಷ ವರ್ಷವೂ ಇವೇ ಪ್ರಶ್ನೆಗಳು.

ಈ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಅದಕ್ಕೂ ಮುಂಚೆ ನನ್ನ ಮನಸ್ಸಿನಲ್ಲಿರುವ ಒಂದು ಮಾತು. ನೀರಿನ ದೀಕ್ಷಾಸ್ನಾನ, ತೈಲ ಹಚ್ಚುವ ದೃಢೀಕರಣ, ರೊಟ್ಟಿಯ ಪರಮಪ್ರಸಾದ ಈ ಮೂರನ್ನು ಧರ್ಮಸಭೆ (ಕಥೋಲಿಕ ಚರ್ಚ್) ಪ್ರವೇಶ ಸಂಸ್ಕಾರಗಳು ಅಂತ ಒಟ್ಟಿಗೆ ಕರೆಯುತ್ತದೆ. ಏಳು ಸಂಸ್ಕಾರಗಳಲ್ಲಿ ಇವು ಬುನಾದಿ. ನಾವು ಮಾತ್ರ ಇವನ್ನು ಮೂರು ಬೇರೆ ಬೇರೆ ಫಂಕ್ಷನ್ ಮಾಡಿಕೊಂಡಿದ್ದೇವೆ. ಮೂರು ಸಲ ಹೊಸ ಬಟ್ಟೆ, ಮೂರು ಸಲ ಫೋಟೊ, ಮೂರು ಸಲ ಊಟ. ಹಿಂದೆ ಈ ಮೂರೂ ಒಂದೇ ರಾತ್ರಿ ನಡೆಯುತ್ತಿದ್ದವು. ಆ ರಾತ್ರಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಂಡರೆ, ನೀವು ಮಗುವನ್ನು ಸಿದ್ಧ ಮಾಡುವ ರೀತಿಯೇ ಬದಲಾಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮಿಲಾನಿನ ಆ ರಾತ್ರಿ

ಇಸವಿ 387. ಇಟಲಿಯ ಮಿಲಾನ್ ಪಟ್ಟಣ. ಪಾಸ್ಕ (ಈಸ್ಟರ್) ಹಬ್ಬದ ಹಿಂದಿನ ರಾತ್ರಿ. ಎಂಟು ಮೂಲೆಯ ಒಂದು ಕಟ್ಟಡ, ಅದರ ನಡುವೆ ಎಂಟು ಮೂಲೆಯ ಕೊಳ. ಏಳು ದಿನಗಳ ವಾರ ಮುಗಿದು ಎಂಟನೆಯ ದಿನ ಶುರುವಾದರೆ ಅದು ಪುನರುತ್ಥಾನದ ದಿನ, ಹೊಸ ಬದುಕಿನ ದಿನ. ಎಂಟು ಮೂಲೆಗೆ ಅರ್ಥ ಅದು. ವಾರಗಟ್ಟಲೆ ಪಾಠ ಕೇಳಿ, ಉಪವಾಸ ಮಾಡಿ ಸಿದ್ಧರಾದವರು ಅಲ್ಲಿ ಸೇರಿದ್ದಾರೆ. ಅವರಲ್ಲಿ 32 ವರ್ಷದ ಒಬ್ಬರು ಭಾಷಣಕಲೆ ಹೇಳಿಕೊಡುತ್ತಿದ್ದ ಮೇಷ್ಟ್ರು. ಪಕ್ಕದಲ್ಲಿ ಅವರ ಹದಿಹರೆಯದ ಮಗ ಅದೆಯೊದಾತುಸ್, ಗೆಳೆಯ ಅಲಿಪಿಯುಸ್. ಆ ಮೇಷ್ಟ್ರೇ ಮುಂದೆ ಸಂತ ಅಗಸ್ಟೀನರಾದರು.

ಊರಿನ ಬಿಷಪ್ ಸಂತ ಅಂಬ್ರೋಸರು ಹೊಸಬರಿಗೆ ಮಾಡಿದ ಪಾಠಗಳು ಇಂದಿಗೂ ಉಳಿದಿವೆ. ಅವುಗಳಿಂದ ಆ ರಾತ್ರಿಯ ಕ್ರಮ ನಮಗೆ ತಿಳಿಯುತ್ತದೆ. ಮೊದಲು ಬಿಷಪ್ಪರು ಬಂದವರ ಕಿವಿ, ಮೂಗು ಮುಟ್ಟಿ "ತೆರೆಯಲಿ" ಎನ್ನುತ್ತಿದ್ದರು. ಆಮೇಲೆ ಮೈಗೆ ಎಣ್ಣೆ. ಗರಡಿಯಲ್ಲಿ ಕುಸ್ತಿಗೆ ಇಳಿಯುವವನು ಮೈಗೆ ಎಣ್ಣೆ ತಿಕ್ಕಿಕೊಳ್ಳುವ ಹಾಗೆ. ಹಾಗಂತ ಹೋಲಿಸಿದವರು ಅಂಬ್ರೋಸರೇ. ಸೈತಾನನನ್ನು ತೊರೆಯುತ್ತೇನೆ ಎಂದು ಬಾಯಿಬಿಟ್ಟು ಹೇಳಿ ನೀರಿಗೆ ಇಳಿಯಬೇಕು. "ಪಿತನನ್ನು ನಂಬುತ್ತೀಯಾ?" "ನಂಬುತ್ತೇನೆ." ಒಂದು ಮುಳುಗು. ಸುತನ ಬಗ್ಗೆ ಪ್ರಶ್ನೆ, ಇನ್ನೊಂದು ಮುಳುಗು. ಪವಿತ್ರಾತ್ಮರ ಬಗ್ಗೆ ಪ್ರಶ್ನೆ, ಮೂರನೆಯ ಮುಳುಗು. ಮೇಲೆ ಬಂದ ಮೇಲೆ ತಲೆಗೆ ಪರಿಮಳದ ಎಣ್ಣೆ. ಆಮೇಲೆ ಬಿಷಪ್ಪರು ಬಗ್ಗಿ ಅವರ ಕಾಲು ತೊಳೆಯುತ್ತಿದ್ದರು. ಈ ಪದ್ಧತಿ ರೋಮಿನಲ್ಲಿ ಇರಲಿಲ್ಲ, ಮಿಲಾನಿನವರು ಬಿಡಲಿಲ್ಲ. ನಂತರ ಬಿಳಿ ಬಟ್ಟೆ. ಪವಿತ್ರಾತ್ಮರ ಏಳು ವರಗಳಿಗಾಗಿ ಪ್ರಾರ್ಥನೆ, ಮುದ್ರೆ. ಕೊನೆಗೆ ಎಲ್ಲರೂ ಸಾಲಾಗಿ ಬಲಿಪೀಠದ ಕಡೆಗೆ. ಜೀವನದಲ್ಲಿ ಮೊದಲ ಸಲ ರೊಟ್ಟಿ ಮತ್ತು ಪಾತ್ರೆಯ ಮುಂದೆ.

ನೀರು, ತೈಲ, ರೊಟ್ಟಿ. ಸ್ನಾನ ಆಯಿತು, ಮುದ್ರೆ ಬಿತ್ತು, ಪಂಕ್ತಿಯಲ್ಲಿ ಎಲೆ ಹಾಕಿದರು. ಮನೆಗೆ ಹೊಸದಾಗಿ ಬಂದವರನ್ನು ನಾವು ಬರಮಾಡಿಕೊಳ್ಳುವುದೂ ಹೆಚ್ಚು ಕಡಿಮೆ ಹೀಗೇ ಅಲ್ವಾ? ಕಾಲಿಗೆ ನೀರು ಕೊಟ್ಟು, ಹಣೆಗೆ ಕುಂಕುಮ ಇಟ್ಟು, ಊಟಕ್ಕೆ ಕೂರಿಸುತ್ತೇವೆ.

ಆ ಎಂಟು ಮೂಲೆಯ ಕೊಳದ ಅವಶೇಷ ಇವತ್ತಿಗೂ ಮಿಲಾನಿನ ದೊಡ್ಡ ಚರ್ಚಿನ ಕೆಳಗಿದೆ. ಮೆಟ್ಟಿಲು ಇಳಿದು ಹೋಗಿ ನೋಡಬಹುದು. ಇನ್ನೂ ಹಳೆಯದು ಬೇಕೆಂದರೆ ಸಿರಿಯಾದ ದೂರಾ ಯುರೋಪೋಸ್ ಇದೆ. ಯೂಫ್ರೆಟಿಸ್ ನದಿಯ ದಡದ ಆ ಊರಿನಲ್ಲಿ, ಒಂದು ಸಾಮಾನ್ಯ ಮನೆಯ ಕೋಣೆಯನ್ನೇ ಮೂರನೆಯ ಶತಮಾನದಲ್ಲಿ ದೀಕ್ಷಾಸ್ನಾನದ ಕೋಣೆ ಮಾಡಿಕೊಂಡಿದ್ದರು. ತೊಟ್ಟಿಯ ಮೇಲಿನ ಗೋಡೆಯಲ್ಲಿ ಕುರಿ ಹೊತ್ತ ಕುರುಬನ ಚಿತ್ರ. ಆಗ ಕ್ರೈಸ್ತರಿಗೆ ಬಹಿರಂಗವಾಗಿ ಚರ್ಚು ಕಟ್ಟುವ ಕಾಲವೇ ಬಂದಿರಲಿಲ್ಲ.

ಮೂರೂ ಬೇರೆ ಆದದ್ದು ಹೇಗೆ

ಅಗಸ್ಟೀನರ ಬಾಲ್ಯದ ಒಂದು ಪ್ರಸಂಗ ಹೇಳಬೇಕು. ಅವರು ಚಿಕ್ಕವರಿದ್ದಾಗ ಒಮ್ಮೆ ಹೊಟ್ಟೆನೋವು ಜೋರಾಗಿ ಸಾಯುವ ಸ್ಥಿತಿ ಬಂತು. ತಾಯಿ ಮೋನಿಕಾ ಗಾಬರಿಯಿಂದ ದೀಕ್ಷಾಸ್ನಾನಕ್ಕೆ ಓಡಾಡಿದರು. ಅಷ್ಟರಲ್ಲಿ ಹುಡುಗ ಚೇತರಿಸಿಕೊಂಡ. ದೀಕ್ಷಾಸ್ನಾನ ಮುಂದಕ್ಕೆ ಹೋಯಿತು, ಇಪ್ಪತ್ತಕ್ಕೂ ಜಾಸ್ತಿ ವರ್ಷ! ದೀಕ್ಷಾಸ್ನಾನದ ನಂತರ ಮಾಡುವ ಪಾಪ ಇನ್ನೂ ದೊಡ್ಡದು ಎಂಬ ಭಯ ಆಗಿನವರಲ್ಲಿತ್ತು. ಚಕ್ರವರ್ತಿ ಕಾನ್‌ಸ್ಟಂಟೈನ್ ಕೂಡ ದೀಕ್ಷಾಸ್ನಾನ ಪಡೆದದ್ದು ಮರಣಶಯ್ಯೆಯಲ್ಲಿ, 337ರಲ್ಲಿ.

ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ರೂಢಿ ಅದಕ್ಕೂ ಮುಂಚೆಯೇ ಇತ್ತು. ಸುಮಾರು 200ರ ಹೊತ್ತಿಗೆ ತೆರ್ತುಲಿಯನ್ ಎಂಬ ಲೇಖಕರು, ಮಕ್ಕಳಿಗೆ ಅವಸರ ಮಾಡಬೇಡಿ ಎಂದು ಆಕ್ಷೇಪಿಸಿದ್ದಾರೆ. ಆಕ್ಷೇಪ ಬಂದಿದೆ ಎಂದರೆ ಜನ ಆಗಲೇ ಮಾಡುತ್ತಿದ್ದರು ಅಂತಲೇ ಅರ್ಥ. ಮುಂದೆ ಜನ್ಮಪಾಪದ (ಹುಟ್ಟಿನಿಂದಲೇ ಬರುವ ಪಾಪ) ಬಗ್ಗೆ ಅಗಸ್ಟೀನರೇ ಬರೆದದ್ದು, ಮಕ್ಕಳು ಬೇಗ ಸಾಯುತ್ತಿದ್ದ ಕಾಲ, ಎರಡೂ ಸೇರಿ ಶಿಶು ದೀಕ್ಷಾಸ್ನಾನವೇ ಸಾಮಾನ್ಯವಾಯಿತು.

ತೊಡಕು ಬಂದದ್ದು ಅಲ್ಲಿ. 313ರ ನಂತರ ಕ್ರೈಸ್ತರಿಗೆ ಸ್ವಾತಂತ್ರ್ಯ ಸಿಕ್ಕಿತು. ಜನ ಹೆಚ್ಚಾದರು, ಹಳ್ಳಿ ಹಳ್ಳಿಯಲ್ಲೂ ಚರ್ಚು ಬಂತು. ಬಿಷಪ್ಪರು ಒಬ್ಬರೇ ಎಲ್ಲ ಕಡೆ ಹೋಗುವುದು ಹೇಗೆ? ಪೂರ್ವದ ಸಭೆಗಳು ಒಂದು ದಾರಿ ಹಿಡಿದವು: ಬಿಷಪ್ಪರು ತೈಲ ಆಶೀರ್ವದಿಸಿ ಕಳಿಸಲಿ, ಗುರುಗಳೇ (ಪಾದ್ರಿಗಳೇ) ಮೂರನ್ನೂ ಒಟ್ಟಿಗೆ ಕೊಡಲಿ. ರೋಮ್ ಬೇರೆ ದಾರಿ ಹಿಡಿಯಿತು. 416ರಲ್ಲಿ ಪೋಪ್ ಒಂದನೆಯ ಇನೋಸೆಂಟ್ ಗುಬ್ಬಿಯೊ ಊರಿನ ಬಿಷಪ್ಪರಿಗೆ ಒಂದು ಪತ್ರ ಬರೆದರು: ಗುರುಗಳು ದೀಕ್ಷಾಸ್ನಾನ ಕೊಡಬಹುದು, ಆದರೆ ಹಣೆಗೆ ತೈಲ ಹಚ್ಚಿ ಪವಿತ್ರಾತ್ಮರನ್ನು ಕೊಡುವುದು ಬಿಷಪ್ಪರ ಕೆಲಸ. ಅದಕ್ಕೆ ಆಧಾರ ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯ. ಸಮಾರ್ಯದವರಿಗೆ ದೀಕ್ಷಾಸ್ನಾನ ಆಗಿತ್ತು, ಆಮೇಲೆ ಪೇತ್ರ ಮತ್ತು ಯೊವಾನ್ನರು ಬಂದು ಅವರ ಮೇಲೆ ಕೈಯಿಟ್ಟರು. ಹೀಗೆ ನಮ್ಮ ಲತೀನ್ ಪದ್ಧತಿಯಲ್ಲಿ ದೃಢೀಕರಣ ಬಿಷಪ್ಪರು ಬರುವ ತನಕ ಕಾಯತೊಡಗಿತು. ಒಂದು ವರ್ಷ ಹೋಗಿ ಹತ್ತು ವರ್ಷವಾಯಿತು.

ಪರಮಪ್ರಸಾದ ಇನ್ನೂ ಸ್ವಲ್ಪ ಕಾಲ ಶಿಶುಗಳ ಜೊತೆಗೇ ಇತ್ತು. ಮಗುವಿನ ನಾಲಿಗೆಗೆ ಒಂದು ಹನಿ ದ್ರಾಕ್ಷಾರಸ. ಸುಮಾರು 12ನೇ ಶತಮಾನದ ಹೊತ್ತಿಗೆ ಅದೂ ನಿಂತಿತು. 1215ರ ನಾಲ್ಕನೆಯ ಲತೆರಾನ್ ಮಹಾಸಭೆ, ತಿಳಿವಳಿಕೆ ಬಂದ ವಯಸ್ಸಿನವರು ವರ್ಷಕ್ಕೊಮ್ಮೆಯಾದರೂ ಪಾಸ್ಕ ಸಮಯದಲ್ಲಿ ಪರಮಪ್ರಸಾದ ಸ್ವೀಕರಿಸಬೇಕು ಎಂದಿತು. ಆ ತಿಳಿವಳಿಕೆಯ ವಯಸ್ಸು ಯಾವುದು ಎಂಬ ಚರ್ಚೆಯಲ್ಲೇ ಎಷ್ಟೋ ಕಡೆ ಮಕ್ಕಳು ಹತ್ತು, ಹನ್ನೆರಡು, ಹದಿನಾಲ್ಕು ವರ್ಷದವರೆಗೂ ಕಾಯಬೇಕಾಯಿತು. 1910ರ ಆಗಸ್ಟ್‌ನಲ್ಲಿ ಪೋಪ್ ಹತ್ತನೆಯ ಪಯಸ್ ಈ ಕಾಯುವಿಕೆಯನ್ನು ನಿಲ್ಲಿಸಿದರು. ಸುಮಾರು ಏಳು ವರ್ಷ ಸಾಕು. ಸಾಮಾನ್ಯ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ವ್ಯತ್ಯಾಸ ಮಗುವಿಗೆ ತಿಳಿದರೆ ಸಾಕು ಎಂದರು. ಮಕ್ಕಳ ಮೇಲೆ ಅಷ್ಟು ಅಕ್ಕರೆ ತೋರಿದ ಆ ತೀರ್ಮಾನ ನನಗೆ ತುಂಬಾ ಇಷ್ಟ. ಇದರಿಂದ ಕ್ರಮ ಮಾತ್ರ ಹಿಂದುಮುಂದಾಯಿತು. ನೀರು, ತೈಲ, ರೊಟ್ಟಿ ಇದ್ದದ್ದು ನಮ್ಮಲ್ಲಿ ನೀರು, ರೊಟ್ಟಿ, ತೈಲ ಆದದ್ದು ಬಹುಪಾಲು ಹೀಗೆ.

ಬೆಳ್ತಂಗಡಿ, ಭದ್ರಾವತಿ, ಮಂಡ್ಯ ಧರ್ಮಪ್ರಾಂತ್ಯಗಳ ಸೀರೋ ಮಲಬಾರ್ ಕುಟುಂಬಗಳಲ್ಲಿ ಶಿಶುವಿಗೆ ದೀಕ್ಷಾಸ್ನಾನದ ದಿನವೇ ದೃಢೀಕರಣದ ತೈಲವನ್ನೂ ಹಚ್ಚುವುದನ್ನು ನೋಡಿ ನಮ್ಮವರು ಆಶ್ಚರ್ಯಪಡುತ್ತಾರೆ. ಅವರದು ಪೂರ್ವದ ಪದ್ಧತಿ. ಎರಡೂ ಒಂದೇ ಕಥೋಲಿಕ ಧರ್ಮಸಭೆಯವೇ.

ಮೊದಲ ಹೆಜ್ಜೆ: ಧರ್ಮಕೇಂದ್ರದ (ನಿಮ್ಮ ಚರ್ಚಿನ) ಕಚೇರಿಗೆ ಹೋಗಿ

ಮಗು ಹುಟ್ಟುವ ಮುಂಚೆಯೇ ಗುರುಗಳ ಹತ್ತಿರ ಮಾತಾಡಬಹುದು. ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ದೀಕ್ಷಾಸ್ನಾನ ಆಗಲಿ ಎಂಬುದು ಧರ್ಮಸಭೆಯ ನಿಯಮ. ವಿದೇಶದಲ್ಲಿರುವ ಚಿಕ್ಕಪ್ಪ ರಜೆಗೆ ಬರಲಿ, ಒಳ್ಳೆ ಹಾಲ್ ಸಿಗಲಿ ಅಂತ ವರ್ಷ ಕಾಯಬೇಡಿ.

ಸಾಮಾನ್ಯವಾಗಿ ಕೇಳುವುದು ಇಷ್ಟು: ಮಗುವಿನ ಜನನ ಪ್ರಮಾಣಪತ್ರ, ನಿಮ್ಮ ಚರ್ಚ್ ಮದುವೆಯ ಪ್ರಮಾಣಪತ್ರ, ಧರ್ಮಕೇಂದ್ರದ ಫ್ಯಾಮಿಲಿ ಕಾರ್ಡ್, ಜ್ಞಾನಮಾತಾಪಿತರು ಬೇರೆ ಚರ್ಚಿನವರಾದರೆ ಅಲ್ಲಿಂದ ಒಂದು ಪತ್ರ. ಊರಿಂದ ಊರಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ಕೇಳಿಕೊಂಡೇ ಹೋಗಿ. ತಂದೆ ತಾಯಿಗೆ ಒಂದೆರಡು ದಿನದ ಪಾಠವೂ ಇರುತ್ತದೆ. ಅದನ್ನು ತಪ್ಪಿಸಿಕೊಳ್ಳಬೇಡಿ. ಇಬ್ಬರಲ್ಲಿ ಒಬ್ಬರು ಬೇರೆ ಧರ್ಮದವರಾಗಿದ್ದರೂ ದೀಕ್ಷಾಸ್ನಾನ ಸಾಧ್ಯ. ಕನಿಷ್ಠ ಒಬ್ಬರ ಒಪ್ಪಿಗೆ ಬೇಕು, ಮಗು ವಿಶ್ವಾಸದಲ್ಲಿ ಬೆಳೆಯುತ್ತದೆ ಎಂಬ ಭರವಸೆ ಇರಬೇಕು.

ಹೆಸರಿನ ಬಗ್ಗೆ ಒಂದು ಮಾತು. ಸಂತರ ಹೆಸರೇ ಆಗಬೇಕೆಂದು ಈಗಿನ ನಿಯಮ ಹೇಳುವುದಿಲ್ಲ. ಕ್ರೈಸ್ತ ಭಾವನೆಗೆ ವಿರುದ್ಧವಾದ ಹೆಸರು ಬೇಡ, ಅಷ್ಟೇ. ಕರುಣಾ, ಜ್ಯೋತಿ, ಶಾಂತಿ ಎಲ್ಲ ಚೆನ್ನಾದ ಹೆಸರುಗಳೇ.

ಎರಡನೆಯ ಹೆಜ್ಜೆ: ಜ್ಞಾನತಂದೆ, ಜ್ಞಾನತಾಯಿ

ಇಲ್ಲೇ ಮನೆಗಳಲ್ಲಿ ಮುನಿಸು ಜಾಸ್ತಿ. ಯಾರನ್ನು ಕರೆದರೆ ಯಾರಿಗೆ ಬೇಸರ ಅಂತ. ನಿಯಮ ಸರಳವಾಗಿದೆ. ಒಬ್ಬರಿದ್ದರೂ ಸಾಕು. ಇಬ್ಬರಾದರೆ ಒಬ್ಬರು ಗಂಡು, ಒಬ್ಬರು ಹೆಣ್ಣು. ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು. ಕಥೋಲಿಕರಾಗಿರಬೇಕು, ದೃಢೀಕರಣ ಮತ್ತು ಪರಮಪ್ರಸಾದ ಪಡೆದಿರಬೇಕು, ವಿಶ್ವಾಸಕ್ಕೆ ತಕ್ಕ ಹಾಗೆ ಬದುಕುತ್ತಿರಬೇಕು. ಸ್ವಂತ ಅಪ್ಪ ಅಮ್ಮ ಆಗುವ ಹಾಗಿಲ್ಲ. ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆ) ಸಭೆಯ ಗೆಳೆಯರಿದ್ದರೆ, ಒಬ್ಬ ಕಥೋಲಿಕ ಜ್ಞಾನಪೋಷಕರ ಜೊತೆಗೆ ಅವರು ಸಾಕ್ಷಿಯಾಗಿ ನಿಲ್ಲಬಹುದು. ಇಷ್ಟಕ್ಕೆ ಸರಿಹೊಂದಿದರೆ ಭಾವ ಆಗಬಹುದು, ಖಂಡಿತ.

ಮೊದಲ ಶತಮಾನಗಳಲ್ಲಿ ಈ ಜಾಗದಲ್ಲಿ ನಿಲ್ಲುತ್ತಿದ್ದವರು, "ಈತನ ನಡತೆ ನನಗೆ ಗೊತ್ತು" ಎಂದು ಸಭೆಯ ಮುಂದೆ ಸಾಕ್ಷಿ ಹೇಳುವವರು. ಸರ ಮಾಡಿಸಿ ಹಾಕುವವರಿಗಿಂತ, ಮಗು ಹದಿನಾರು ವರ್ಷದ ಹುಡುಗ ಆದಾಗ ಫೋನ್ ಮಾಡಿ "ಪೂಜೆಗೆ ಹೋದ್ಯೇನೋ ಮಗ?" ಅಂತ ಕೇಳುವವರನ್ನು ಆರಿಸಿ.

ಮೂರನೆಯ ಹೆಜ್ಜೆ: ಆ ದಿನ ಏನೇನು ಗಮನಿಸಬೇಕು

ಬೇರೆಯವರಿಗೆ ಸುಲಭವಾಗಿ ತಿಳಿಯಲಿ ಅಂತ ನಾವೇ ಎಷ್ಟೋ ಸಲ ಇದನ್ನು ನಾಮಕರಣ ಅಂತೀವಿ. ಹೆಸರು ಕೇಳುವುದು ನಿಜ, ಆದರೆ ಅದು ಬಾಗಿಲಲ್ಲೇ ಮುಗಿಯುತ್ತದೆ. "ಮಗುವಿಗೆ ಏನು ಹೆಸರಿಟ್ಟಿದ್ದೀರಿ? ಧರ್ಮಸಭೆಯಿಂದ ಏನು ಕೇಳುತ್ತೀರಿ?" ಎಂದು ಗುರುಗಳು ಕೇಳುತ್ತಾರೆ. ನೀವು ಉತ್ತರ ಕೊಡುತ್ತೀರಿ. ಮಗುವಿನ ಹಣೆಗೆ ಗುರುಗಳು, ಆಮೇಲೆ ನೀವು, ಜ್ಞಾನಮಾತಾಪಿತರು ಶಿಲುಬೆಯ ಗುರುತು ಹಾಕುತ್ತೀರಿ. ಅಲ್ಲಿಂದ ಒಳಗೆ. ವಾಚನ, ಸಂತರ ಪ್ರಾರ್ಥನಾಮಾಲೆ, ಎದೆಗೆ ಎಣ್ಣೆ, ನೀರಿನ ಆಶೀರ್ವಾದ, ಸೈತಾನನನ್ನು ತೊರೆಯುವ ಮತ್ತು ವಿಶ್ವಾಸ ಸಾರುವ ಮಾತುಗಳು. ಮಿಲಾನಿನ ರಾತ್ರಿ ನೆನಪಾಯಿತೇ? ಗರಡಿಯ ಎಣ್ಣೆ ಇಲ್ಲೂ ಇದೆ.

ಆಮೇಲೆ ನೀರು. ಸಾಮಾನ್ಯವಾಗಿ ನಮ್ಮಲ್ಲಿ ತಲೆಯ ಮೇಲೆ ಮೂರು ಸಲ ಸುರಿಯುತ್ತಾರೆ. ಇದೂ ಹೊಸದೇನಲ್ಲ. ಮೊದಲ ಶತಮಾನದ ಕೊನೆಯ ಹೊತ್ತಿನದು ಎನ್ನಲಾಗುವ ದಿದಾಖೆ ಎಂಬ ಪುಟ್ಟ ಗ್ರಂಥ, ಹರಿಯುವ ನೀರಿನಲ್ಲಿ ಕೊಡಿ ಎನ್ನುತ್ತದೆ. ಅದಿಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಅದೂ ಸಾಲದಿದ್ದರೆ ತಲೆಗೆ ಮೂರು ಸಲ ಸುರಿಯಿರಿ ಎನ್ನುತ್ತದೆ. ಚಳಿಗಾಲದಲ್ಲಿ ನೀರು ಬೆಚ್ಚಗಿರಲಿ ಎಂದು ಗುರುಗಳನ್ನು ಕೇಳಿಕೊಳ್ಳಲು ಸಂಕೋಚ ಬೇಡ. ಬೈಬಲಿನ ಅರ್ಥ ಮಾತ್ರ ಆಳವಾದದ್ದು. ನೀರಿನಲ್ಲಿ ಇಳಿಯುವುದು ಕ್ರಿಸ್ತರೊಡನೆ ಸತ್ತು ಹೂಳಲ್ಪಟ್ಟಂತೆ, ಮೇಲೆ ಬರುವುದು ಅವರೊಡನೆ ಎದ್ದಂತೆ ಎಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಹೇಳುತ್ತಾರೆ.

ನೀರಿನ ಜೊತೆ ಬರುವ ಮಾತು ಕೂಡ ಅಷ್ಟೇ ಮುಖ್ಯ. "ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ." ಕೆಲವು ದೇಶಗಳಲ್ಲಿ ಕೆಲವರು ಎಲ್ಲರನ್ನೂ ಸೇರಿಸಿಕೊಳ್ಳುವ ಆಸೆಯಿಂದ "ನಾವು" ಎಂದು ಬದಲಾಯಿಸಿದರು. 2020ರ ಆಗಸ್ಟ್‌ನಲ್ಲಿ ವ್ಯಾಟಿಕನ್ ಅಂಥ ದೀಕ್ಷಾಸ್ನಾನ ಸಿಂಧು ಅಲ್ಲ, ಮತ್ತೆ ಕೊಡಬೇಕು ಎಂದು ಹೇಳಿತು. ಗುರುವಿನ ಬಾಯಲ್ಲಿ ಬರುವ "ನಾನು" ಕ್ರಿಸ್ತರದ್ದು. ಪೇತ್ರ ಕೊಟ್ಟರೂ ಕೊಡುವವರು ಕ್ರಿಸ್ತರೇ, ಕ್ರಿಸ್ತರಿಗೆ ದ್ರೋಹ ಮಾಡಿದ ಯೂದ ಕೊಟ್ಟರೂ ಕೊಡುವವರು ಕ್ರಿಸ್ತರೇ ಎಂದು ಅಗಸ್ಟೀನರು ಹೇಳಿದ್ದರು.

ನೀರಾದ ಮೇಲೆ ನೆತ್ತಿಗೆ ಕ್ರಿಸ್ಮಾ ಹಚ್ಚುತ್ತಾರೆ. ಇದು ಆಲಿವ್ ಎಣ್ಣೆಗೆ ಸುಗಂಧ ಬೆರೆಸಿದ ತೈಲ. ಪಾಸ್ಕ ಹಬ್ಬಕ್ಕೆ ಮುಂಚೆ ಬಿಷಪ್ಪರು ತಮ್ಮ ಗುರುಗಳೆಲ್ಲರ ನಡುವೆ ನಿಂತು, ಅದರ ಮೇಲೆ ಉಸಿರು ಊದಿ ಪವಿತ್ರಗೊಳಿಸುತ್ತಾರೆ. ಅಲ್ಲಿಂದ ಪುಟ್ಟ ಬಾಟಲಿಗಳಲ್ಲಿ ಪ್ರತಿ ಧರ್ಮಕೇಂದ್ರಕ್ಕೂ ಹೋಗುತ್ತದೆ. ನಮ್ಮ ಮಗಳ ದೀಕ್ಷಾಸ್ನಾನದ ಸಂಜೆ ಅವಳನ್ನು ಎತ್ತಿಕೊಂಡಾಗ ನೆತ್ತಿಯಿಂದ ಆ ಪರಿಮಳ ಇನ್ನೂ ಬರುತ್ತಿತ್ತು. ಹಾಲಿನ ವಾಸನೆ, ಅದರ ಜೊತೆ ಈ ಪರಿಮಳ. ನನ್ನ ಅತ್ತೆ ಅವತ್ತು ಮಗುವಿಗೆ ತಲೆಸ್ನಾನ ಮಾಡಿಸಲು ಬಿಡಲಿಲ್ಲ. ನೀವೂ ಆ ಸಂಜೆ ಮಗುವಿನ ನೆತ್ತಿ ಮೂಸಿ ನೋಡಿ.

ಬಿಳಿ ಬಟ್ಟೆ, ಪಾಸ್ಕ ದೀಪದಿಂದ ಹಚ್ಚಿದ ಮೇಣದ ಬತ್ತಿ. ಕಿವಿ, ಬಾಯಿ ಮುಟ್ಟುವ "ತೆರೆಯಲಿ" ಪ್ರಾರ್ಥನೆಯೂ ಇರಬಹುದು. ಕೊನೆಗೆ ಎಲ್ಲರೂ ಬಲಿಪೀಠದ ಹತ್ತಿರ ಬರುತ್ತಾರೆ. ಫೋಟೊ ತೆಗೆಯುವ ಗಲಾಟೆಯಲ್ಲಿ ಇದನ್ನು ಕಳೆದುಕೊಳ್ಳುವವರೇ ಜಾಸ್ತಿ. ದಯವಿಟ್ಟು ಆ ಹೊತ್ತು ಸುಮ್ಮನೆ ನಿಂತು ಕೇಳಿಸಿಕೊಳ್ಳಿ. ಈ ಮಗು ಮುಂದೆ ದೃಢೀಕರಣದಲ್ಲಿ ಪವಿತ್ರಾತ್ಮರ ಪೂರ್ಣತೆಯನ್ನು ಪಡೆಯುತ್ತದೆ, ಪ್ರಭುವಿನ ಪೀಠದಲ್ಲಿ ಪಾಲ್ಗೊಳ್ಳುತ್ತದೆ ಎಂದು ಹೇಳಿ, ಮಗುವಿನ ಪರವಾಗಿ "ಸ್ವರ್ಗದಲ್ಲಿರುವ ನಮ್ಮ ತಂದೆಯೇ" ಪ್ರಾರ್ಥನೆ ಮಾಡಿಸುತ್ತಾರೆ. ಬೇರೆಯಾದ ಮೂರು ಸಂಸ್ಕಾರಗಳು ಆ ಅರ್ಧ ನಿಮಿಷ ಮತ್ತೆ ಒಟ್ಟಿಗೆ ನಿಲ್ಲುತ್ತವೆ.

ಮನೆಗೆ ಬಂದ ಮೇಲೆ ಎರಡು ಕೆಲಸ. ಒಂದು, ಆ ಬತ್ತಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ, ಬಿಸಿಲು ತಾಗದ ಕಡೆ. ಇದು ಮತ್ತೆ ಬೇಕಾಗುತ್ತದೆ. ಎರಡು, ದಾಖಲೆ ಪುಸ್ತಕದಲ್ಲಿ ಬರೆದ ಹೆಸರು, ಹುಟ್ಟಿದ ದಿನ ಸರಿ ಇದೆಯಾ ಅಂತ ಅಲ್ಲೇ ನೋಡಿ. ಮುಂದೆ ದೃಢೀಕರಣ, ಮದುವೆ, ಗುರುದೀಕ್ಷೆ ಎಲ್ಲವನ್ನೂ ಇದೇ ಪುಸ್ತಕದ ಇದೇ ಸಾಲಿನ ಪಕ್ಕ ಬರೆಯುತ್ತಾರೆ. ನನ್ನ ತಂಗಿಯ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿ, ಮದುವೆಯ ಹೊತ್ತಿಗೆ ಅದನ್ನು ಸರಿ ಮಾಡಿಸಲು ಮೂರು ವಾರ ಅಲೆದಿದ್ದೇವೆ.

ಆಸ್ಪತ್ರೆಯಲ್ಲಿ ತುರ್ತು ಬಂದರೆ

ಇದು ಪ್ರತಿ ಮನೆಯವರಿಗೂ ಗೊತ್ತಿರಬೇಕು. ಮಗುವಿನ ಜೀವಕ್ಕೆ ನಿಜವಾದ ಅಪಾಯ ಇದ್ದು, ಗುರುಗಳು ಬರುವಷ್ಟು ಸಮಯ ಇಲ್ಲದಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ಅಪ್ಪ, ಅಮ್ಮ, ನರ್ಸ್ ಯಾರಾದರೂ ಸರಿ. ನರ್ಸ್ ಕ್ರೈಸ್ತರಾಗಿರಬೇಕೆಂದೂ ಇಲ್ಲ. ಧರ್ಮಸಭೆ ಮಾಡುವುದನ್ನೇ ಮಾಡುತ್ತಿದ್ದೇನೆ ಎಂಬ ಉದ್ದೇಶ ಇದ್ದರೆ ಸಾಕು. ಸಾಧಾರಣ ನೀರನ್ನು ತಲೆಯ ಮೇಲೆ ಹರಿಯುವ ಹಾಗೆ ಹಾಕುತ್ತಾ, ಹೆಸರು ಹಿಡಿದು ಹೇಳಿ: "ಪಿತನ ಮತ್ತು ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ." ಮಗು ಐಸಿಯುನಲ್ಲಿದ್ದರೆ ಎಷ್ಟು ನೀರು, ಹೇಗೆ ಎಂದು ಡಾಕ್ಟರನ್ನು ಕೇಳಿ. ಕೆಲವು ಹನಿ ಹರಿದರೂ ಆಗುತ್ತದೆ. ಮಗು ಉಳಿದುಕೊಂಡರೆ ಮತ್ತೆ ನೀರು ಹಾಕುವುದಿಲ್ಲ, ದೀಕ್ಷಾಸ್ನಾನ ಜೀವನದಲ್ಲಿ ಒಂದೇ ಸಲ. ಚರ್ಚಿಗೆ ತಿಳಿಸಿ, ದಾಖಲೆ ಮಾಡಿಸಿ. ತೈಲ, ಬಿಳಿ ಬಟ್ಟೆ, ಬತ್ತಿಯ ವಿಧಿಗಳನ್ನು ಆಮೇಲೆ ನಡೆಸಿಕೊಡುತ್ತಾರೆ.

ನಾಲ್ಕನೆಯ ಹೆಜ್ಜೆ: ಮೊದಲ ಪರಮಪ್ರಸಾದ

ಏಳು ವರ್ಷ ದಾಟಿದ ಮೇಲೆ ಸಿದ್ಧತೆ ಶುರು. ಸಾಮಾನ್ಯವಾಗಿ ಮೂರನೆಯ, ನಾಲ್ಕನೆಯ ಕ್ಲಾಸಿನ ಮಕ್ಕಳು ಬರುತ್ತಾರೆ. ಮೊದಲು ಪಾಪನಿವೇದನೆ, ಅಂದರೆ ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವುದು. ಹೆದರುವ ಮಕ್ಕಳಿಗೆ ಮನೆಯಲ್ಲೇ ಅಭ್ಯಾಸ ಮಾಡಿಸಿ, ಆದರೆ ಅವರ ಪಾಪ ಏನೆಂದು ನೀವು ಪಟ್ಟಿ ಮಾಡಿಕೊಡಬೇಡಿ. ಸ್ವೀಕರಿಸುವ ಒಂದು ಗಂಟೆ ಮುಂಚಿನಿಂದ ಏನೂ ತಿನ್ನಬಾರದು. ನೀರು, ಔಷಧಿ ಪರವಾಗಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಮಧ್ಯರಾತ್ರಿಯಿಂದಲೇ ಉಪವಾಸ ಇತ್ತು, ಒಂದು ಗಂಟೆ ಆದದ್ದು 1964ರಲ್ಲಿ.

ಕೈಯಲ್ಲಿ ಸ್ವೀಕರಿಸುವುದಾದರೆ ಹೇಗೆ ಹಿಡಿಯಬೇಕು? ನಾಲ್ಕನೆಯ ಶತಮಾನದಲ್ಲಿ ಜೆರುಸಲೇಮಿನ ಬಿಷಪ್ ಸಂತ ಸಿರಿಲರು ಹೇಳಿದ್ದನ್ನೇ ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ರಾಜನನ್ನು ಬರಮಾಡಿಕೊಳ್ಳುವ ಬಲಗೈಗೆ ಎಡಗೈಯನ್ನು ಸಿಂಹಾಸನ ಮಾಡು. ಇಷ್ಟು ಹೇಳಿದರೆ ಎಂಟು ವರ್ಷದ ಮಗು ತಾನಾಗಿಯೇ ಕೈ ನೇರ ಮಾಡಿಕೊಳ್ಳುತ್ತದೆ. "ಕ್ರಿಸ್ತರ ಶರೀರ" ಎಂದಾಗ "ಆಮೆನ್" ಎಂದು ಕೇಳಿಸುವ ಹಾಗೆ ಹೇಳಬೇಕು. ಅಲ್ಲೇ ಸ್ವೀಕರಿಸಬೇಕು, ಹಿಡಿದುಕೊಂಡು ಜಾಗಕ್ಕೆ ಹೋಗಬಾರದು. ನಾಲಿಗೆಯ ಮೇಲೆ ಸ್ವೀಕರಿಸುವುದೂ ಸರಿಯೇ.

ಊಟಕ್ಕೆ ಕರೆಯುವ ಹಿಂದೂ, ಮುಸ್ಲಿಂ ಗೆಳೆಯರಿಗೆ ಒಂದು ವಿಷಯ ಮೊದಲೇ ತಿಳಿಸಿ. ಕನ್ನಡದಲ್ಲಿ ನಾವು "ಪ್ರಸಾದ" ಎನ್ನುತ್ತೇವೆ. ಪ್ರಸಾದ ಎಂದರೆ ಎಲ್ಲರಿಗೂ ಕೊಡುವುದು ಅಲ್ವಾ? ನಮ್ಮ ಪಕ್ಕದ ಮನೆಯ ಅಜ್ಜಿ ಒಮ್ಮೆ ಸೆರಗು ಸರಿಮಾಡಿಕೊಂಡು, ಎರಡು ಕೈ ಚಾಚಿ ಭಕ್ತಿಯಿಂದ ಸಾಲಿನಲ್ಲಿ ನಿಂತುಬಿಟ್ಟಿದ್ದರು. ಅವರದು ತಪ್ಪಲ್ಲ, ನಾವು ಹೇಳಿರಲಿಲ್ಲ. ಅವರಿಗೆ ಹೀಗೆ ಹೇಳಬಹುದು: ಇದು ಆಶೀರ್ವಾದ ಮಾಡಿ ಹಂಚುವ ತಿಂಡಿ ಅಲ್ಲ, ಇದು ಕ್ರಿಸ್ತರೇ ಎಂದು ನಾವು ನಂಬುತ್ತೇವೆ. ಸ್ವೀಕರಿಸುವುದು ಎಂದರೆ ಈ ವಿಶ್ವಾಸಕ್ಕೆ, ಈ ಸಭೆಗೆ ನಾನು ಸೇರಿದವನು ಎಂದು ಹೇಳಿದ ಹಾಗೆ. ಸುಮಾರು 155ರಲ್ಲೇ ಸಂತ ಜಸ್ಟಿನರು ರೋಮನ್ ಚಕ್ರವರ್ತಿಗೆ ಬರೆದು ವಿವರಿಸಿದ್ದರು: ನಾವು ಕಲಿಸುವುದನ್ನು ನಂಬಿ, ಸ್ನಾನ ಪಡೆದು, ಕ್ರಿಸ್ತರು ಹೇಳಿದಂತೆ ಬದುಕುವವರಿಗೆ ಮಾತ್ರ ಈ ಭೋಜನ. ಪ್ರೀತಿಯಿಂದ ಹೇಳಿದರೆ ಯಾರೂ ಬೇಸರಪಡುವುದಿಲ್ಲ.

ಬೀರುವಿನಲ್ಲಿಟ್ಟ ಬತ್ತಿಯನ್ನು ಆ ದಿನ ಹೊರಗೆ ತೆಗೆಯಿರಿ. ಅಂಗಡಿಯ ಹೊಸ ಅಲಂಕಾರದ ಬತ್ತಿ ಬೇಡ. "ಇದು ನಿನ್ನದೇ, ನಿನಗೆ ಒಂದು ತಿಂಗಳಾಗಿದ್ದಾಗ ಹಚ್ಚಿದ್ದು" ಎಂದು ಕೊಟ್ಟಾಗ ಮಗುವಿನ ಮುಖ ನೋಡಿ.

ಐದನೆಯ ಹೆಜ್ಜೆ: ದೃಢೀಕರಣ

ನಮ್ಮಲ್ಲಿ ಇದು ಹೆಚ್ಚಾಗಿ ಹೈಸ್ಕೂಲ್ ವಯಸ್ಸಿನಲ್ಲಿ. ಬಿಷಪ್ಪರು ಧರ್ಮಕೇಂದ್ರಕ್ಕೆ ಬರುವ ದಿನಾಂಕ ಮೊದಲೇ ಗೊತ್ತಾಗುತ್ತದೆ. ಒಬ್ಬ ಜ್ಞಾನಪೋಷಕರು ಬೇಕು. ದೀಕ್ಷಾಸ್ನಾನಕ್ಕೆ ನಿಂತವರೇ ನಿಂತರೆ ಒಳ್ಳೆಯದು ಎಂದು ನಿಯಮವೇ ಹೇಳುತ್ತದೆ. ಕಾರಣ ಈಗ ನಿಮಗೆ ಗೊತ್ತು.

ವಿಧಿ ಶುರುವಾಗುವುದು ದೀಕ್ಷಾಸ್ನಾನದ ವಾಗ್ದಾನಗಳಿಂದ. ಅಂದು ಮಗುವಿನ ಪರವಾಗಿ ನೀವು ಹೇಳಿದ್ದ "ನಂಬುತ್ತೇನೆ" ಎಂಬ ಮಾತನ್ನು ಈಗ ಅವರ ಬಾಯಿಂದಲೇ ಕೇಳುತ್ತೀರಿ. ಬಿಷಪ್ಪರು ಎಲ್ಲರ ಮೇಲೆ ಕೈ ಚಾಚಿ ಏಳು ವರಗಳನ್ನು ಬೇಡುತ್ತಾರೆ: ಜ್ಞಾನ, ವಿವೇಕ, ಸದಾಲೋಚನೆ, ಸ್ಥೈರ್ಯ, ತಿಳಿವಳಿಕೆ, ಭಕ್ತಿ, ದೇವರ ಭಯ. ಆಮೇಲೆ ಹೆಬ್ಬೆರಳಿನಿಂದ ಹಣೆಗೆ ಕ್ರಿಸ್ಮಾ. ಪವಿತ್ರಾತ್ಮರ ವರದ ಮುದ್ರೆಯನ್ನು ಸ್ವೀಕರಿಸು ಎಂಬ ಅರ್ಥದ ಮಾತು. ಇದನ್ನು ಪೋಪ್ ಆರನೆಯ ಪೌಲ್ 1971ರಲ್ಲಿ ಪೂರ್ವ ಸಭೆಗಳ ಪುರಾತನ ವಿಧಿಯಿಂದ ತೆಗೆದುಕೊಂಡರು. ಅದಕ್ಕೂ ಮುಂಚೆ ಬಿಷಪ್ಪರು ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಡುತ್ತಿದ್ದರು, ಕ್ರಿಸ್ತನ ಸೈನಿಕ ಗಟ್ಟಿಯಾಗಲಿ ಅಂತ. ಮಧ್ಯಯುಗದಲ್ಲಿ ಸೇರಿಕೊಂಡ ಪದ್ಧತಿ ಅದು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಆ ಏಟು ಅವರಿಗೆ ಇನ್ನೂ ನೆನಪಿರುತ್ತದೆ.

ಹೋದ ವರ್ಷ ಒಬ್ಬ ಹುಡುಗ ಕೇಳಿದ, "ಟೀಚರ್, ದೃಢೀಕರಣ ಆದ್ಮೇಲೆ ಕ್ಲಾಸಿಗೆ ಬರೋದು ಬೇಡ ಅಲ್ವಾ?" ಎಸ್ಸೆಸ್ಸೆಲ್ಸಿ ಮುಗಿಸಿದ ಹಾಗೆ ಅನ್ನಿಸುತ್ತದೆ ಅವರಿಗೆ. ನಾನು ಅವನಿಗೆ ಮಿಲಾನಿನ ರಾತ್ರಿಯ ಕಥೆ ಹೇಳಿದೆ. ತೈಲ ಹಚ್ಚಿದ ಮೇಲೆ ಅವರೆಲ್ಲ ಎಲ್ಲಿಗೆ ಹೋದರು ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಊಟಕ್ಕೆ" ಎಂದ. ಸರಿಯಾದ ಉತ್ತರ. ನೀರು, ತೈಲ ಒಂದೊಂದೇ ಸಲ. ಆ ಪಂಕ್ತಿ ಪ್ರತಿ ಭಾನುವಾರ ಇದೆ. ದೃಢೀಕರಣದ ದಿನವೂ ತೈಲದ ನಂತರ ಪೂಜೆ ಮುಂದುವರಿದು ಪರಮಪ್ರಸಾದಕ್ಕೆ ತಲುಪುತ್ತದೆ. ಅವತ್ತು ಮಕ್ಕಳಿಗೆ ಇದನ್ನು ತೋರಿಸಿಕೊಡಿ.

ಮದುವೆಯ ಪ್ರಶ್ನೆಗೆ ಉತ್ತರ: ದೃಢೀಕರಣ ಆಗದವರು ದೊಡ್ಡ ತೊಂದರೆ ಇಲ್ಲದಿದ್ದರೆ ಮದುವೆಗೆ ಮುಂಚೆ ಪಡೆಯಬೇಕು ಎನ್ನುತ್ತದೆ ನಿಯಮ. ಅದಿಲ್ಲದಿದ್ದರೆ ಮದುವೆಯೇ ಸಿಂಧು ಆಗುವುದಿಲ್ಲ ಎಂದೇನಿಲ್ಲ.

ದೊಡ್ಡವರಾಗಿ ಬರುವವರಿಗೆ

ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹಳೆಯ ಕ್ರಮವನ್ನು ಮತ್ತೆ ತನ್ನಿ ಎಂದಿತು. 1972ರಲ್ಲಿ ವಯಸ್ಕರ ಪ್ರವೇಶದ ವಿಧಿ ಪ್ರಕಟವಾಯಿತು. ಮೊದಲು ವಿಚಾರಣೆಯ ಕಾಲ: ಸುಮ್ನೆ ಬನ್ನಿ, ಕೂತು ನೋಡಿ, ಪ್ರಶ್ನೆ ಕೇಳಿ. ಆಮೇಲೆ ದೀಕ್ಷಾರ್ಥಿಯಾಗಿ ಸ್ವೀಕಾರ, ತಿಂಗಳುಗಟ್ಟಲೆ ಕಲಿಕೆ. ಪಾಸ್ಕಕ್ಕೆ ಮುಂಚಿನ ತಪಸ್ಸುಕಾಲದ ಮೊದಲ ಭಾನುವಾರ ಆಯ್ಕೆಯ ವಿಧಿ. ಪಾಸ್ಕ ಜಾಗರಣೆಯ ರಾತ್ರಿ ಮೂರೂ ಒಟ್ಟಿಗೆ. ಬಿಷಪ್ಪರು ಇಲ್ಲದಿದ್ದರೆ ದೀಕ್ಷಾಸ್ನಾನ ಕೊಟ್ಟ ಗುರುಗಳೇ ದೃಢೀಕರಣವನ್ನೂ ಕೊಡುತ್ತಾರೆ.

ಮದುವೆಗೋಸ್ಕರ ದೀಕ್ಷಾಸ್ನಾನ ಪಡೆಯಲೇಬೇಕು ಎಂದು ಯಾರಾದರೂ ಒತ್ತಾಯ ಮಾಡಿದರೆ ಒಪ್ಪಬೇಡಿ. ಬಿಷಪ್ಪರ ಅನುಮತಿ ಪಡೆದು ಬೇರೆ ಧರ್ಮದವರನ್ನು ಚರ್ಚಿನಲ್ಲಿ ಮದುವೆಯಾಗಲು ಅವಕಾಶ ಇದೆ. ದೀಕ್ಷಾಸ್ನಾನಕ್ಕೆ ಸ್ವಂತ ಮನಸ್ಸು ಬೇಕು. ಮತಾಂತರದ ಬಗ್ಗೆ ಕರ್ನಾಟಕ 2022ರಲ್ಲಿ ಒಂದು ಕಾನೂನು ತಂದಿತು. ನೀವು ಮುಂದುವರಿಯುವ ಹೊತ್ತಿಗೆ ನಿಮ್ಮ ರಾಜ್ಯದ ಕಾನೂನು ಏನು ಕೇಳುತ್ತದೆ ಎಂದು ವಕೀಲರಿಂದ ತಿಳಿದುಕೊಳ್ಳಿ. ಬೇರೆ ಕ್ರೈಸ್ತ ಸಭೆಯಲ್ಲಿ ನೀರಿನಿಂದ, ತ್ರಿತ್ವದ ನಾಮದಲ್ಲಿ ದೀಕ್ಷಾಸ್ನಾನ ಆಗಿದ್ದರೆ ಮತ್ತೆ ಕೊಡುವುದಿಲ್ಲ. ಮೂರನೆಯ ಶತಮಾನದಲ್ಲಿ ಪೋಪ್ ಸ್ಟೀಫನ್ ಮತ್ತು ಕಾರ್ಥೇಜಿನ ಸಂತ ಸಿಪ್ರಿಯನ್ ಇದರ ಬಗ್ಗೆ ಜೋರಾಗಿ ವಾದ ಮಾಡಿದ್ದರು. ಉಳಿದದ್ದು ಸ್ಟೀಫನ್ನರ ಪಕ್ಷ.

ಈ ವರ್ಷ ಪಾಸ್ಕ ಜಾಗರಣೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ನಿಮ್ಮ ಮನೆಯಲ್ಲಿ ಯಾವ ಸಂಸ್ಕಾರವೂ ಇಲ್ಲದಿದ್ದರೂ ಸರಿ. ಮಧ್ಯಾಹ್ನ ಅವರಿಗೆ ನಿದ್ದೆ ಮಾಡಿಸಿ, ಪೂಜೆ ದೊಡ್ಡದು. ದೀಕ್ಷಾಸ್ನಾನದ ತೊಟ್ಟಿ ಕಾಣುವ ಕಡೆ ಕೂತುಕೊಳ್ಳಿ. ಬೀರುವಿನ ಬತ್ತಿಗಳನ್ನು ತನ್ನಿ, ಮೇಣ ಕೈಗೆ ಬೀಳದ ಹಾಗೆ ಪೇಪರ್ ಕಪ್ಪಿಗೆ ತೂತು ಮಾಡಿ ಸಿಕ್ಕಿಸಿ. ದೀಪ ಎಲ್ಲ ಆರಿಸಿ, ಕತ್ತಲಲ್ಲಿ ಒಂದೇ ದೊಡ್ಡ ಬತ್ತಿ ಒಳಗೆ ಬರುತ್ತದೆ. ಅದರಿಂದ ನಿಮ್ಮದನ್ನು ಹಚ್ಚಿಕೊಂಡು ಪಕ್ಕದವರಿಗೆ ಕೊಡಿ.